ಸಕ್ಕರೆ ಕಡ, ಒಡವೆ ಎರವಲು: ‘ಫಂಜಿಬಲ್’ ಎಂದರೇನು?

ಚೆಂಬೂರಿನ ನಮ್ಮ ಕಟ್ಟಡದ ನೋಟಿಸ್ ಬೋರ್ಡಿಗೆ ಕಳೆದ ತಿಂಗಳು ಮೂರು ಪುಟದ ಸುತ್ತೋಲೆ ಬಂತು. ಸೊಸೈಟಿ ರೀಡೆವಲಪ್‌ಮೆಂಟಿಗೆ, ಅಂದರೆ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿಸುವುದಕ್ಕೆ, ಹೋಗುವ ಮಾತು ಎರಡು ವರ್ಷದಿಂದ ನಡೆದೇ ಇತ್ತು. ಈಗ ಬಿಲ್ಡರನ ಪ್ರಸ್ತಾವ ಕೈಗೆ ಸಿಕ್ಕಿದೆ. ಅದರ ಒಂದು ಪ್ರತಿ ಹಿಡಿದುಕೊಂಡು ಪಕ್ಕದ ಮನೆಯ ಅಕ್ಕ, ಕುಂದಾಪುರದ ಕಡೆಯವರು, ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಎರಡನೇ ಪುಟದಲ್ಲಿ ಒಂದು ಪದದ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು.

“ಇದೆಂತದು ಮಾರಾಯ್ರೆ, ಫಂಗಿಬಲ್? ಮೀಟಿಂಗಲ್ಲಿ ಎಲ್ಲರೂ ತಲೆಯಾಡಿಸಿದ್ರು. ನಾನೂ ಆಡಿಸಿದೆ.”

ಮುಂಬಯಿಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಈಗ ರೀಡೆವಲಪ್‌ಮೆಂಟಿನ ಮಾತು ಬಂದೇ ಬರುತ್ತದೆ. ಮಾತಿನ ನಡುವೆ ಈ ಪದವೂ ಬರುತ್ತದೆ. ಷೇರು ಕೊಂಡವರ ಕಾಗದಪತ್ರದಲ್ಲಿ ಇದೆ, ಉಗ್ರಾಣದ ಕಾನೂನಿನಲ್ಲಿ ಇದೆ, ಮಕ್ಕಳ ಮೊಬೈಲಿನಲ್ಲೂ ಇದೆ. ಒಂದು ಮನೆಯ ಅಳತೆ ಇದರ ಮೇಲೆ ನಿಂತಿರುವಾಗ ಅರ್ಥ ತಿಳಿಯದೆ ತಲೆಯಾಡಿಸುವುದು ಬೇಡ ಎನ್ನಿಸಿ ಅಂದು ಅಕ್ಕನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಉಚ್ಚಾರ

ಪದ ‘ಫಂಜಿಬಲ್’. ನಡುವೆ ಬರುವುದು ಜಿ, ಗಿ ಅಲ್ಲ. ಮಳೆಗಾಲದಲ್ಲಿ ನಮ್ಮ ಗೋಡೆಗೆ ಹಿಡಿಯುವ ಫಂಗಸ್‌ಗೂ ಇದಕ್ಕೂ ನಂಟಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಫುಂಗಿ’ ಎಂಬ ಕ್ರಿಯಾಪದಕ್ಕೆ ಕೆಲಸ ನಿರ್ವಹಿಸು ಎಂಬ ಅರ್ಥವಿದೆ. ಇನ್ನೊಂದರ ಜಾಗದಲ್ಲಿ ನಿಂತು ಅದರ ಕೆಲಸ ಮಾಡಬಲ್ಲದ್ದು ಫಂಜಿಬಲ್. ಪ್ರಾಚೀನ ರೋಮಿನ ಕಾನೂನು ಪಂಡಿತರು ತೂಗಿ ಕೊಡುವ, ಅಳೆದು ಕೊಡುವ, ಎಣಿಸಿ ಕೊಡುವ ವಸ್ತುಗಳನ್ನು ಒಂದು ಗುಂಪು ಮಾಡಿ ಬೇರೆ ಇಟ್ಟಿದ್ದರು. ಧಾನ್ಯ, ಎಣ್ಣೆ, ದ್ರಾಕ್ಷಾರಸ, ನಾಣ್ಯ ಎಲ್ಲ ಆ ಗುಂಪಿನವು. ಆ ಗುಂಪಿನ ಗುಣಕ್ಕೆ ಆಮೇಲೆ ಬಂದ ಹೆಸರು ಇದು.

ಇದು ವಿಶೇಷಣ. ಹಣ ಫಂಜಿಬಲ್, ಅಕ್ಕಿ ಫಂಜಿಬಲ್, ಮದುವೆಯ ಕರಿಮಣಿ ಸರ ಅಲ್ಲ ಎಂದು ಬಳಸಬೇಕು. ಆ ಗುಣದ ಹೆಸರು ಫಂಜಿಬಿಲಿಟಿ.

ಕನ್ನಡದಲ್ಲಿ ಈ ಭೇದ ಮೊದಲೇ ಇದೆ

ಅಕ್ಕನಿಗೆ ನಾನು ಲ್ಯಾಟಿನ್ ಹೇಳಲಿಲ್ಲ. “ಸಕ್ಕರೆ ಮುಗಿದರೆ ನೀವು ನಮ್ಮಲ್ಲಿ ಏನಂತ ಕೇಳ್ತೀರಿ?” ಎಂದೆ. “ಒಂದು ಲೋಟ ಸಕ್ಕರೆ ಕಡ ಕೊಡಿ ಅಂತ.” “ಮದುವೆಗೆ ಹೋಗುವಾಗ ತಂಗಿಯ ಸರ ಹಾಕಿಕೊಂಡರೆ?” “ಅದು ಎರವಲು.”

ಉತ್ತರ ಅಷ್ಟರಲ್ಲೇ ಇತ್ತು. ಕಡ ತಂದ ಸಕ್ಕರೆಯನ್ನು ಕಾಫಿಗೆ ಹಾಕಿ ಮುಗಿಸುತ್ತೇವೆ. ವಾರದ ಮೇಲೆ ಅಂಗಡಿಯಿಂದ ತಂದ ಬೇರೆ ಸಕ್ಕರೆಯನ್ನು ಅದೇ ಲೋಟದಲ್ಲಿ ಅಳೆದು ಕೊಡುತ್ತೇವೆ. ‘ನನ್ನ ಸಕ್ಕರೆ ಇದಲ್ಲ’ ಎಂದು ಯಾರೂ ಹೇಳುವುದಿಲ್ಲ. ಎರವಲು ತಂದ ಸರ ಹಾಗಲ್ಲ. ಅಷ್ಟೇ ತೂಕದ, ಅಷ್ಟೇ ಕ್ಯಾರೆಟ್ಟಿನ, ನೋಡುವುದಕ್ಕೂ ಹಾಗೆಯೇ ಇರುವ ಬೇರೆ ಸರ ತಂದುಕೊಟ್ಟರೂ ತಂಗಿ ಒಪ್ಪುವುದಿಲ್ಲ. ಅವಳಿಗೆ ಅದೇ ಸರ ಬೇಕು. ಕೊಕ್ಕೆಯ ಹತ್ತಿರ ಒಂದು ಮಣಿ ಸೀಳಿರುವ ಅದೇ ಸರ.

ಕಡ ಕೊಡಬಹುದಾದದ್ದು ಫಂಜಿಬಲ್. ಎರವಲು ಮಾತ್ರ ಕೊಡಬಹುದಾದದ್ದು ಅಲ್ಲ. ಈಗ ನಾವು ಎರಡು ಮಾತನ್ನೂ ಕಲಸಿ ಆಡುತ್ತೇವೆ, ‘ಸಾಲ’ ಬಂದು ಎರಡನ್ನೂ ಮೂಲೆಗೆ ತಳ್ಳಿದೆ. ಆದರೂ ಕಡ ತಂದ ಸೀರೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಏನೋ ತಪ್ಪಿದಂತೆ ಕೇಳುತ್ತದೆ. ಆ ಕಿವಿಯೇ ಈ ಪದದ ನಿಘಂಟು ಎಂದು ನನ್ನ ನಂಬಿಕೆ.

ಡಬ್ಬಾ ಮತ್ತು ಊಟದ ಕೂಪನ್

ಮುಂಬಯಿಯಲ್ಲಿ ಇದನ್ನು ಕಣ್ಣಿನಿಂದ ನೋಡಬೇಕಾದರೆ ಮಧ್ಯಾಹ್ನ ಚರ್ಚ್‌ಗೇಟ್ ಸ್ಟೇಷನ್ನಿನ ಹೊರಗೆ ನಿಲ್ಲಬೇಕು. ಉದ್ದನೆಯ ಮರದ ತಟ್ಟೆಗಳಲ್ಲಿ, ಮನೆಯ ಊಟ ಕಚೇರಿಗೆ ಒಯ್ಯುವ ಡಬ್ಬಾಗಳು ಇಳಿಯುತ್ತವೆ. ಪ್ರತಿ ಡಬ್ಬದ ಮುಚ್ಚಳದ ಮೇಲೆ ಬಣ್ಣದಲ್ಲಿ ಅಕ್ಷರ, ಅಂಕಿ ಬರೆದಿರುತ್ತದೆ. ಯಾವ ಸ್ಟೇಷನ್ನಿನಿಂದ ಬಂತು, ಯಾವ ಸ್ಟೇಷನ್ನಿಗೆ ಹೋಗಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ ಎಲ್ಲ ಆ ಗುರುತಿನಲ್ಲಿದೆ. ಅಷ್ಟೊಂದು ಗುರುತು ಯಾಕೆ ಬೇಕು? ಒಂದು ಡಬ್ಬಾ ಇನ್ನೊಂದರ ಜಾಗದಲ್ಲಿ ನಿಲ್ಲಲಾರದು. ಸಕ್ಕರೆ ಕಾಯಿಲೆಯವರಿಗೆ ಮನೆಯಿಂದ ಬಂದ ಚಪಾತಿ, ಜೈನರ ಮನೆಯ ಈರುಳ್ಳಿಯಿಲ್ಲದ ಪಲ್ಯ, ತಾಯಿ ಮಗನಿಗೆಂದೇ ಹಾಕಿದ ಉಪ್ಪಿನಕಾಯಿ, ಇವು ಅದಲುಬದಲಾದರೆ ಇಡೀ ಕೆಲಸವೇ ಕೆಟ್ಟಿತು.

ಅಲ್ಲಿಂದ ಫೋರ್ಟಿನ ಯಾವುದಾದರೂ ಉಡುಪಿ ಹೋಟೆಲಿಗೆ ನಡೆದು ಹೋಗಿ. ಗಲ್ಲೆಯಲ್ಲಿ ದುಡ್ಡು ಕೊಟ್ಟರೆ ಊಟದ ಕೂಪನ್ ಹರಿದು ಕೊಡುತ್ತಾರೆ. ನಿಮ್ಮ ಕೂಪನ್ನೂ ನಿಮ್ಮ ಸ್ನೇಹಿತರದೂ ಜೇಬಿನಲ್ಲಿ ಬೆರೆತುಹೋದರೆ ಯಾರಿಗೂ ತೊಂದರೆಯಿಲ್ಲ. ಯಾವ ಕೂಪನ್ ಕೊಟ್ಟರೂ ಅದೇ ಅನ್ನ, ಅದೇ ಸಾರು.

ಗುರುತು ಬೇಕಾದದ್ದು ಡಬ್ಬಾ. ಎಣಿಕೆ ಸಾಕಾದದ್ದು ಕೂಪನ್. ಯಾವುದೇ ವಸ್ತು ಫಂಜಿಬಲ್ ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ, ಕಳೆದುಹೋದಾಗ ನೀವು ‘ಎಷ್ಟು’ ಎಂದು ಕೇಳುತ್ತೀರೋ ‘ಯಾವುದು’ ಎಂದು ಕೇಳುತ್ತೀರೋ ನೋಡಿಕೊಳ್ಳಿ.

ಒಂದೇ ಬ್ಯಾಂಕು, ಎರಡು ಬಾಗಿಲು

ಬ್ಯಾಂಕಿಗೆ ಹೋಗಿ 50,000 ರೂಪಾಯಿ ಕಟ್ಟುತ್ತೀರಿ. ಅದೇ ದಿನ ಕೆಳಗಿನ ಲಾಕರಿಗೆ ಅಜ್ಜಿಯ ಬಳೆ ಇಡುತ್ತೀರಿ. ಎರಡೂ ‘ಬ್ಯಾಂಕಿನಲ್ಲಿ ಇಟ್ಟಿದ್ದೇವೆ’ ಎನ್ನುತ್ತೇವೆ. ಕಾನೂನಿನ ಕಣ್ಣಿಗೆ ಮಾತ್ರ ಎರಡೂ ಬೇರೆ ಬೇರೆ.

ಕಟ್ಟಿದ ನೋಟುಗಳು ಬ್ಯಾಂಕಿನ ರಾಶಿಗೆ ಸೇರಿದವು. ಬ್ಯಾಂಕು ಅವುಗಳನ್ನೇ ಎತ್ತಿಟ್ಟು ನಿಮಗೆ ಮರಳಿಸುವುದಿಲ್ಲ. ಹಣ ಫಂಜಿಬಲ್ ಆದ್ದರಿಂದ ಅಷ್ಟೇ ಮೊತ್ತ ಮರಳಿಸಿದರೆ ಸಾಕು. ಅಂದರೆ ನೀವು ಬ್ಯಾಂಕಿಗೆ ಕಡ ಕೊಟ್ಟಿದ್ದೀರಿ, ಬ್ಯಾಂಕು ನಿಮ್ಮ ಸಾಲಗಾರ. ಸಾಲಗಾರನಿಗೆ ಕಷ್ಟ ಬಂದರೆ ಕೊಟ್ಟವರಿಗೂ ಕಷ್ಟ. ಅದಕ್ಕೆಂದೇ ಠೇವಣಿ ವಿಮೆ ಇದೆ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 1 ಲಕ್ಷ ರೂಪಾಯಿಯವರೆಗೆ ಇದ್ದ ಆ ಮಿತಿಯನ್ನು 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೆ ಏರಿಸಿದರು. ಲಾಕರಿನ ಬಳೆ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ಬ್ಯಾಂಕಿನ ಆಸ್ತಿಯಾಗಲಿಲ್ಲ, ನಿಮ್ಮದಾಗಿಯೇ ಉಳಿಯಿತು.

ಬಂಗಾರದಲ್ಲಿ ಇನ್ನೂ ಸೂಕ್ಷ್ಮವಿದೆ. ಗೋಲ್ಡ್ ಲೋನಿಗೆ ಸರ ಅಡವಿಟ್ಟರೆ, ಸಾಲ ತೀರಿಸಿದ ದಿನ ಅದೇ ಸರ ಕೈಗೆ ಬರಬೇಕು. 1872ರ ಭಾರತೀಯ ಕರಾರು ಅಧಿನಿಯಮ ಹೇಳುವುದೂ ಅದನ್ನೇ. 2015ರಲ್ಲಿ ಕೇಂದ್ರ ಸರ್ಕಾರ ತಂದ ಚಿನ್ನದ ನಗದೀಕರಣ ಯೋಜನೆ ಬೇರೆ ತರಹದ್ದು. ಅದಕ್ಕೆ ಒಡವೆ ಕೊಟ್ಟರೆ ಕರಗಿಸಿ, ಶುದ್ಧತೆ ನೋಡಿ, ಇಷ್ಟು ಗ್ರಾಂ ಎಂದು ಖಾತೆಗೆ ಬರೆಯುತ್ತಾರೆ. ಮರಳಿ ಬರುವುದು ಚಿನ್ನದ ತೂಕ ಅಥವಾ ಅದರ ಬೆಲೆ, ಒಡವೆಯಲ್ಲ. ಕುಲುಮೆಗೆ ಹಾಕಿದ ಗಳಿಗೆಯಲ್ಲಿ ಎರವಲಿನ ವಸ್ತು ಕಡದ ವಸ್ತುವಾಯಿತು. ನಮ್ಮ ಮನೆಗಳ ಹೆಂಗಸರು ಇಂಥ ಯೋಜನೆಗೆ ಒಡವೆ ಕೊಡಲು ಯಾಕೆ ಹಿಂಜರಿದರು ಎಂಬುದು ಇದರಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ.

ವಸ್ತುವಿನ ಗುಣವೋ, ವ್ಯಾಪಾರದ ರೂಢಿಯೋ?

2007ರ ಉಗ್ರಾಣ ಕಾನೂನು ಈ ಪದಕ್ಕೆ ವ್ಯಾಖ್ಯೆಯನ್ನೇ ಕೊಡುತ್ತದೆ. ಅದರ ಸಾರಾಂಶ ಇಷ್ಟು: ಸ್ವಭಾವದಿಂದಾಗಲಿ ವ್ಯಾಪಾರದ ರೂಢಿಯಿಂದಾಗಲಿ ಒಂದು ಘಟಕ ಅದೇ ಬಗೆಯ ಇನ್ನೊಂದಕ್ಕೆ ಸಮವೆನಿಸುವ, ಉಗ್ರಾಣದವರು ಹಾಗೆಂದೇ ಸ್ವೀಕರಿಸಿದ ಸರಕು. ಇಲ್ಲಿ ‘ರೂಢಿ’ ಎಂಬ ಮಾತೇ ಮುಖ್ಯ. ಎರಡು ವಸ್ತು ಒಂದೇ ಎಂದು ತೀರ್ಮಾನಿಸುವವರು ಅವುಗಳನ್ನು ಕೊಡುವವರು, ಕೊಳ್ಳುವವರು.

ವಾಶಿಯ ಸಗಟು ಮಾರುಕಟ್ಟೆಗೆ ಏಪ್ರಿಲಿನಲ್ಲಿ ಹೋದರೆ ದೇವಗಡದ ಹಾಪುಸೂ ಬರುತ್ತದೆ, ನಮ್ಮ ಕಡೆಯ ಆಪೂಸೂ ಬರುತ್ತದೆ. ಸೀಕರಣೆ ಮಾಡುವವರಿಗೆ ಎರಡೂ ಮಾವು. ಅಲ್ಲಿನ ದಲಾಲರಿಗೆ ಹಾಗಲ್ಲ, ದರ ಬೇರೆ, ಪೆಟ್ಟಿಗೆ ಬೇರೆ. ಒಂದರ ಬದಲು ಇನ್ನೊಂದನ್ನು ತುಂಬಿದರೆ ಮೋಸ.

ನೋಟಿನ ವಿಷಯವೂ ಹಾಗೆಯೇ. ಪ್ರತಿ ನೋಟಿಗೂ ಬೇರೆ ಸಂಖ್ಯೆ ಇದೆ, ಆದರೂ ನಾವು ಅದನ್ನು ನೋಡುವುದಿಲ್ಲ. ಲಂಚಕೋರರನ್ನು ಹಿಡಿಯುವ ಪೊಲೀಸರು ಪುಡಿ ಹಚ್ಚಿ, ಸಂಖ್ಯೆ ಬರೆದಿಟ್ಟುಕೊಂಡು ಕಳಿಸಿದ 500ರ ನೋಟು ಮಾತ್ರ ಆ ದಿನ ಬೇರೆ ಯಾವ ನೋಟಿಗೂ ಸಮವಲ್ಲ. ಅದು ಸಾಕ್ಷ್ಯ. ಕೋರ್ಟಿಗೆ ಅದೇ ಬೇಕು.

ದಲಾಲ್ ಸ್ಟ್ರೀಟಿನಲ್ಲಿ ಸಂಖ್ಯೆ ಅಳಿಸಿದ ವರ್ಷ

ಷೇರುಗಳು ಮೊದಲು ಕಾಗದ ಆಗಿದ್ದವು. ಹಳೆಯ ಟ್ರಂಕಿನಲ್ಲಿ ಅಪ್ಪನ ಕಾಲದ ಷೇರು ಪ್ರಮಾಣಪತ್ರ ಸಿಕ್ಕಿದವರು ನೋಡಿರಬಹುದು, ಪ್ರತಿ ಷೇರಿಗೂ ಒಂದು ಕ್ರಮಸಂಖ್ಯೆ ಇರುತ್ತಿತ್ತು. ಮಾರಿದರೆ ಆ ಸಂಖ್ಯೆಯ ಕಾಗದವೇ ಕೈ ಬದಲಾಗಬೇಕು. ಸಹಿ ಹೊಂದದಿದ್ದರೆ, ಕಾಗದ ಹರಿದಿದ್ದರೆ ‘ಬ್ಯಾಡ್ ಡೆಲಿವರಿ’ ಎಂದು ವಾಪಸು ಬರುತ್ತಿತ್ತು.

1996ರ ಡಿಪಾಸಿಟರೀಸ್ ಕಾನೂನಿನ 9ನೇ ಕಲಮು ಇದನ್ನು ಒಂದೇ ವಾಕ್ಯದಲ್ಲಿ ಬದಲಿಸಿತು. ಡಿಪಾಸಿಟರಿಯಲ್ಲಿ, ಅಂದರೆ ಷೇರುಗಳ ಲೆಕ್ಕ ಇಡುವ ಸಂಸ್ಥೆಯಲ್ಲಿ, ಇರುವ ಎಲ್ಲ ಷೇರುಗಳೂ ಕಾಗದವಿಲ್ಲದೆ, ಫಂಜಿಬಲ್ ರೂಪದಲ್ಲಿ ಇರಬೇಕು. ಅದೇ ವರ್ಷ ನವೆಂಬರಿನಲ್ಲಿ ಎನ್‌ಎಸ್‌ಡಿಎಲ್ ಎಂಬ ಡಿಪಾಸಿಟರಿ ಮುಂಬಯಿಯಲ್ಲಿ ಕೆಲಸ ಶುರು ಮಾಡಿತು. ಕಾಗದವಿಲ್ಲದ ಷೇರು ಇಡುವ ಡಿಮ್ಯಾಟ್ ಖಾತೆಯಲ್ಲಿ ಈಗ ‘ಇಂಥ ಕಂಪನಿಯ 200 ಷೇರು’ ಎಂದಷ್ಟೇ ಇರುತ್ತದೆ. ಯಾವ 200 ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಉತ್ತರ ಇಲ್ಲದಿರುವುದು ತೆರಿಗೆಯ ದಿನ ತಲೆನೋವಾಗುತ್ತದೆ. 2019ರಲ್ಲಿ ತಲಾ 200 ರೂಪಾಯಿಗೆ 100 ಷೇರು ಕೊಂಡಿರಿ ಎಂದುಕೊಳ್ಳಿ. 2024ರಲ್ಲಿ ಅದೇ ಕಂಪನಿಯ ಇನ್ನೂ 100 ಷೇರನ್ನು ತಲಾ 900ಕ್ಕೆ ಕೊಂಡಿರಿ. ಈಗ 1,000 ರೂಪಾಯಿಗೆ 100 ಮಾರಿದರೆ ಲಾಭ ಎಷ್ಟು? ‘2024ರಲ್ಲಿ ಕೊಂಡದ್ದನ್ನೇ ಮಾರಿದೆ, ಲಾಭ 10,000’ ಎಂದು ಹೇಳುವಂತಿಲ್ಲ. ಒಂದೇ ಡಿಮ್ಯಾಟ್ ಖಾತೆಯೊಳಗೆ ಮೊದಲು ಬಂದದ್ದು ಮೊದಲು ಹೋಯಿತು ಎಂದೇ ಆದಾಯ ತೆರಿಗೆ ಕಾನೂನು ಲೆಕ್ಕ ಹಿಡಿಯುತ್ತದೆ. ಆದ್ದರಿಂದ ಲಾಭ 80,000. ಗುರುತು ಅಳಿಸಿಹೋದ ವಸ್ತುವಿಗೆ ಕಾನೂನು ಒಂದು ಸರದಿ ಕೊಡಲೇಬೇಕಾಯಿತು.

ತಪ್ಪಾಗಿ ಬಳಸುವ ಕಡೆಗಳು

‘ಲಿಕ್ವಿಡ್’ ಮತ್ತು ‘ಫಂಜಿಬಲ್’ ಒಂದೇ ಎಂದು ಹಲವರು ಅಂದುಕೊಂಡಿದ್ದಾರೆ. ಬೇಗ ನಗದಾಗುವುದು ಲಿಕ್ವಿಡ್. ಒಂದರ ಬದಲು ಇನ್ನೊಂದು ನಡೆಯುವುದು ಫಂಜಿಬಲ್. ಯಾರೂ ಕೊಳ್ಳದ ಕಂಪನಿಯ ಷೇರುಗಳೂ ಒಂದಕ್ಕೊಂದು ಸಮವೇ, ಮಾರಲು ಹೋದರೆ ಮಾತ್ರ ಗಿರಾಕಿ ಇಲ್ಲ. ಪವಯಿಯ, ಪುಣೆಯ ಐಟಿ ಕಚೇರಿಗಳಲ್ಲಿ ಯಾವ ಪ್ರಾಜೆಕ್ಟಿಗಾದರೂ ಹಾಕಬಹುದಾದ ನೌಕರರಿಗೆ ‘ಫಂಜಿಬಲ್ ರಿಸೋರ್ಸ್’ ಎನ್ನುತ್ತಾರೆ. ಅರ್ಥದ ಮಟ್ಟಿಗೆ ಸರಿ, ಮನುಷ್ಯರಿಗೆ ಹೇಳುವ ಮಾತಲ್ಲ ಎಂದು ನನಗೆ ಅನ್ನಿಸುತ್ತದೆ. 2021ರಲ್ಲಿ ಸುದ್ದಿಯಾದ ಎನ್‌ಎಫ್‌ಟಿಯ ಮೊದಲೆರಡು ಅಕ್ಷರ ‘ನಾನ್ ಫಂಜಿಬಲ್’. ಒಂದರಂತೆ ಇನ್ನೊಂದಿಲ್ಲದ ಡಿಜಿಟಲ್ ಗುರುತು ಅದು, ಡಬ್ಬದ ಮುಚ್ಚಳದ ಮೇಲಿನ ಬಣ್ಣದ ಅಕ್ಷರಗಳ ಹಾಗೆ.

ಗೋಡೆ ಫಂಜಿಬಲ್ ಆದದ್ದು ಹೇಗೆ

ಈಗ ಅಕ್ಕನ ಸುತ್ತೋಲೆಗೆ ಬರೋಣ. ಅದರಲ್ಲಿದ್ದದ್ದು ‘35 ಪರ್ಸೆಂಟ್ ಫಂಜಿಬಲ್ ಎಫ್‌ಎಸ್‌ಐ’.

ಎಫ್‌ಎಸ್‌ಐ ಎಂದರೆ ಒಂದು ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅಂಕಿ. ಮರಾಠಿಯಲ್ಲಿ ಇದಕ್ಕೆ ಚಟಈ ಕ್ಷೇತ್ರ ನಿರ್ದೇಶಾಂಕ ಎನ್ನುತ್ತಾರೆ. ಚಟಈ ಎಂದರೆ ಚಾಪೆ. ಎಲ್ಲ ಮಹಡಿ ಸೇರಿಸಿ ಎಷ್ಟು ಚಾಪೆ ಹಾಸಬಹುದು ಎಂಬ ಈ ಹೆಸರು ಇಂಗ್ಲಿಷಿಗಿಂತ ಚೆನ್ನಾಗಿ ವಿಷಯ ತಿಳಿಸುತ್ತದೆ. ಮುಂಬಯಿಯ ದ್ವೀಪ ನಗರದಲ್ಲಿ ಮೂಲ ಎಫ್‌ಎಸ್‌ಐ 1.33, ಚೆಂಬೂರಿನಂಥ ಉಪನಗರಗಳಲ್ಲಿ 1. ಅದರ ಮೇಲೆ ಹಣ ಕಟ್ಟಿ ಪಡೆಯುವುದು, ಟಿಡಿಆರ್ ಎಂಬ ಕಟ್ಟುವ ಹಕ್ಕನ್ನು ಬೇರೆಡೆಯಿಂದ ಕೊಂಡು ತರುವುದು ಎಲ್ಲ ಕೂಡುತ್ತವೆ.

1991ರ ನಿಯಮಗಳಲ್ಲಿ ಬಾಲ್ಕನಿ, ಕಿಟಕಿಯಾಚೆಯ ಫ್ಲವರ್ ಬೆಡ್, ಇಂಥವು ಕೆಲವು ಮಿತಿಗಳೊಳಗೆ ಎಫ್‌ಎಸ್‌ಐ ಲೆಕ್ಕದಿಂದ ಹೊರಗಿದ್ದವು. ಲೆಕ್ಕಕ್ಕಿಲ್ಲದ ಜಾಗ ಎಂದಮೇಲೆ ದೊಡ್ಡದಾಗಿ ತೋರಿಸಿ, ಆಮೇಲೆ ಗೋಡೆ ಎಬ್ಬಿಸಿ ಕೋಣೆಯೊಳಕ್ಕೆ ಸೇರಿಸಿಕೊಳ್ಳುವುದು ಊರಲ್ಲೆಲ್ಲ ನಡೆಯಿತು. 2012ರ ಜನವರಿಯಲ್ಲಿ ನಿಯಮ ತಿದ್ದಿದರು. ಬಾಲ್ಕನಿ, ಫ್ಲವರ್ ಬೆಡ್ ಎಲ್ಲವೂ ಇನ್ನು ಮುಂದೆ ಲೆಕ್ಕಕ್ಕೆ ಬರುತ್ತವೆ ಎಂದರು. ಅದರಿಂದ ಕಡಿಮೆಯಾಗುವ ಜಾಗಕ್ಕೆ ಪರಿಹಾರವಾಗಿ, ಪಾಲಿಕೆಗೆ ಪ್ರೀಮಿಯಂ ಎಂಬ ಶುಲ್ಕ ಕಟ್ಟಿದರೆ ವಸತಿ ಕಟ್ಟಡಕ್ಕೆ 35 ಪರ್ಸೆಂಟಿನವರೆಗೆ ಹೆಚ್ಚು ಕಟ್ಟಲು ಬಿಟ್ಟರು. 2018ರಲ್ಲಿ ಬಂದ ಹೊಸ ನಿಯಮಾವಳಿಯಲ್ಲೂ ಅದು ಉಳಿಯಿತು.

ಅದನ್ನು ಫಂಜಿಬಲ್ ಎಂದದ್ದು ಯಾಕೆಂದರೆ, ಹೆಚ್ಚು ಸಿಕ್ಕಿದ ಜಾಗವನ್ನು ಮಾಮೂಲಿ ಎಫ್‌ಎಸ್‌ಐ ಹಾಗೆಯೇ ಬಳಸಬಹುದು. ಬಾಲ್ಕನಿ ಮಾಡಬಹುದು, ಬೇಡವಾದರೆ ಮಲಗುವ ಕೋಣೆಯನ್ನು ದೊಡ್ಡದು ಮಾಡಬಹುದು. ಬಾಲ್ಕನಿಯ ಚದರಡಿಗೂ ಕೋಣೆಯ ಚದರಡಿಗೂ ಕಾನೂನಿನ ಕಣ್ಣಲ್ಲಿ ಭೇದವಿಲ್ಲ. ಸಕ್ಕರೆಗೆ ಸಕ್ಕರೆ.

ಹಳೆಯ ನಿವಾಸಿಗಳಿಗೆ ಇದರಲ್ಲಿ ಒಂದು ಮುಖ್ಯ ರಕ್ಷಣೆ ಇದೆ. ಇರುವ ಕಟ್ಟಡವನ್ನು ಕೆಡವಿ ಕಟ್ಟುವಾಗ ಹಳಬರಿಗೆ ಕೊಡುವ ಮನೆಗಳ ಮೇಲಿನ ಫಂಜಿಬಲ್ ಪಾಲಿಗೆ ಪ್ರೀಮಿಯಂ ಇಲ್ಲ. ಹೀಗೆ ಬಿಟ್ಟಿ ಸಿಕ್ಕಿದ ಪಾಲನ್ನು ಬಿಟ್ಟಿಯಾಗಿಯೇ ಮಾರಾಟದ ಫ್ಲ್ಯಾಟುಗಳಿಗೆ ಸೇರಿಸಿಕೊಳ್ಳುವಂತಿಲ್ಲ. ಅದು ಇರುವುದೇ ಹಳಬರ ಮನೆ ದೊಡ್ಡದಾಗಲಿ ಎಂದು. 400 ಚದರಡಿಯ ಮನೆಗೆ 35 ಪರ್ಸೆಂಟ್ ಎಂದರೆ 140. ಒಟ್ಟು 540.

ಈ 540 ಕೇಳಿದ ಕೂಡಲೇ ಸಂತೋಷಪಡುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಒಂದು, ಈ ಪರ್ಸೆಂಟು ಯಾವುದರ ಮೇಲೆ? ಪಾಲಿಕೆಯ ಲೆಕ್ಕ ನಡೆಯುವುದು ಹೊರಗೋಡೆಯೂ ಸೇರಿದ ಬಿಲ್ಟ್‌ಅಪ್ ಮೇಲೆ, ಬಿಲ್ಡರನ ಪ್ರಸ್ತಾವದಲ್ಲಿ ಬಹಳ ಸಲ ಕಾರ್ಪೆಟ್, ಅಂದರೆ ಹೊರಗೋಡೆಯ ಒಳಗಿನ ಜಾಗ, ಎಂದಿರುತ್ತದೆ. ಇನ್ನೊಂದು, 140 ಎಲ್ಲಿ ಕೂರುತ್ತದೆ? ಬಿಲ್ಡರುಗಳನ್ನು ನಿಯಂತ್ರಿಸುವ ರೇರಾ ಕಾನೂನಿನ ಕಾರ್ಪೆಟ್ ಲೆಕ್ಕದಲ್ಲಿ ಬಾಲ್ಕನಿ ಸೇರುವುದಿಲ್ಲ. ‘540 ರೇರಾ ಕಾರ್ಪೆಟ್’ ಎನ್ನುವುದೂ ‘ಬಾಲ್ಕನಿ ಸೇರಿ 540’ ಎನ್ನುವುದೂ ಒಂದೇ ಮನೆಯಲ್ಲ. ನಿಯಮಕ್ಕೆ ಫಂಜಿಬಲ್ ಆದದ್ದು ವಾಸಿಸುವವರಿಗೆ ಆಗಬೇಕೆಂದಿಲ್ಲ.

ಡೊಂಬಿವಿಲಿ, ಠಾಣೆ, ಪುಣೆಯವರಿಗೆ ಒಂದು ಮಾತು. ಇದು ಬೃಹನ್ಮುಂಬಯಿ ಪಾಲಿಕೆಯ ನಿಯಮ. ನಿಮ್ಮ ಕಡೆ 2020ರ ಡಿಸೆಂಬರಿನಲ್ಲಿ ಬಂದ ಏಕೀಕೃತ ನಿಯಮಾವಳಿ ನಡೆಯುತ್ತದೆ. ಅದರಲ್ಲಿ ಇದೇ ಸ್ಥಾನದಲ್ಲಿರುವುದು ‘ಆನ್ಸಿಲರಿ’ ಎಂಬ ಪಾಲು, ವಸತಿಗೆ 60 ಪರ್ಸೆಂಟಿನವರೆಗೆ. ಎರಡರ ಮೂಲ ಲೆಕ್ಕವೇ ಬೇರೆಯಾದ್ದರಿಂದ ಆ 60ನ್ನು ಈ 35ರ ಪಕ್ಕ ಇಟ್ಟು ಯಾರಿಗೆ ಹೆಚ್ಚು ಸಿಕ್ಕಿತೆಂದು ನೋಡಲು ಬರುವುದಿಲ್ಲ.

ಚದರಡಿ ಕಡ, ಮನೆ ಎರವಲು

ಇಷ್ಟು ಹೇಳಿ ಮುಗಿಸುವಾಗ ಕುಕ್ಕರ್ ಮೂರನೆಯ ಸಲ ಕೂಗಿತು. ಅಕ್ಕ ಸುತ್ತೋಲೆಯನ್ನು ಮಡಚಲಿಲ್ಲ. “ಹಾಗಾದ್ರೆ ನಮ್ಮ ಕಿಟಕಿ ಹೊರಗಿನ ಕಟ್ಟೆ?” ಎಂದರು.

ಅವರ ಅಡುಗೆಮನೆಯ ಕಿಟಕಿಯಾಚೆ ಗ್ರಿಲ್ಲಿನೊಳಗೆ ಒಂದೂವರೆ ಅಡಿಯ ಕಟ್ಟೆ ಇದೆ. ತುಳಸಿ ಇದೆ, ಪೇಂಟಿನ ಡಬ್ಬದಲ್ಲಿ ಕರಿಬೇವಿನ ಗಿಡವಿದೆ, ಬೇಸಿಗೆಯಲ್ಲಿ ಹಪ್ಪಳ ಅಲ್ಲೇ ಒಣಗುತ್ತದೆ. ಪೂರ್ವದ ಬಿಸಿಲು ಹತ್ತು ಗಂಟೆಯವರೆಗೆ ಬೀಳುತ್ತದೆ. ಹಳೆಯ ನಕ್ಷೆಯಲ್ಲಿ ಅದರ ಹೆಸರೇ ಫ್ಲವರ್ ಬೆಡ್. ಲೆಕ್ಕಕ್ಕಿಲ್ಲದ ಆ ಜಾಗವನ್ನು ಲೆಕ್ಕಕ್ಕೆ ತಂದಾಗ ಹುಟ್ಟಿದ್ದೇ ಈ 35 ಪರ್ಸೆಂಟ್.

ಚದರಡಿ ಫಂಜಿಬಲ್, ಮನೆ ಅಲ್ಲ ಎಂದೆ. ಮೂರನೇ ಮಹಡಿಯ 540 ಚದರಡಿಯೂ ಹದಿನೈದನೆಯದರ 540 ಚದರಡಿಯೂ ಅಂಕಿಯಲ್ಲಿ ಒಂದೇ. ರಸ್ತೆಯ ಸದ್ದು, ಗಾಳಿ, ಬಿಸಿಲು, ಲಿಫ್ಟ್ ಕೆಟ್ಟ ದಿನದ ಮೆಟ್ಟಿಲು ಒಂದೇ ಅಲ್ಲ. ಪ್ರಸ್ತಾವದಲ್ಲಿ ಅಂಕಿ ಮಾತ್ರ ಇದ್ದರೆ ಬಿಲ್ಡರ್ ಯಾವ 540 ಕೊಟ್ಟರೂ ಮಾತು ಉಳಿಸಿಕೊಂಡಂತೆಯೇ. ‘ಯಾವುದು’ ಎಂಬುದು ಕರಾರಿನೊಳಗೆ, ನಕ್ಷೆಯ ಸಮೇತ ಬರಬೇಕು.

ಅಕ್ಕ ನಮ್ಮ ಫ್ರಿಜ್ಜಿನ ಮೇಲೆ ಕಾಗದ ಇಟ್ಟು, ಎರಡು ಗೆರೆ ಎಳೆದ ಪದದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು: ಫ್ಲ್ಯಾಟ್ ನಂಬರ್, ಮಹಡಿ, ದಿಕ್ಕು. ಬಾಗಿಲ ತನಕ ಹೋಗಿ ತಿರುಗಿ ಬಂದು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು. ತುಳಸಿಗೆ ಜಾಗ, ಬೆಳಗಿನ ಬಿಸಿಲು.